ಕಿವಿ ಮುಚ್ಚುವ ಹೆಡ್‌ಫೋನು: ಕೊಳ್ಳುವ ಮುನ್ನ

ಒಂದು ಕೋಣೆ, ಒಂದು ಕಂಪ್ಯೂಟರು, ಒಂದು ಮೈಕು ಇದ್ದರೆ ವಿದ್ಯಾರ್ಥಿಯೊಬ್ಬ ಇಂದು ಮನೆಯಲ್ಲೇ ತನ್ನ ಹಾಡನ್ನು ಧ್ವನಿಮುದ್ರಿಸಿಕೊಳ್ಳಬಹುದು. ಆದರೆ ತಂಬೂರ, ತಬಲಾಗಳನ್ನು ಕೇಳಿಸಿಕೊಳ್ಳುತ್ತಲೇ ಹಾಡಬೇಕಲ್ಲ! ಅವನ್ನು ಸ್ಪೀಕರಿನಲ್ಲಿ ಹಾಕಿದರೆ ಆ ಸದ್ದೂ ಮೈಕಿಗೆ ನುಗ್ಗಿ ಕಂಠದೊಡನೆ ಬೆರೆತುಹೋಗುತ್ತದೆ. ಹೀಗೆ ಸೋರದಿರಲೆಂದೇ ಹಿಂಬದಿ ಮುಚ್ಚಿರುವ ‘ಕ್ಲೋಸ್ಡ್ ಬ್ಯಾಕ್’ ಹೆಡ್‌ಫೋನು ಬೇಕು.

ಮಕ್ಕಳು ಮೊದಲು ಕೇಳುವುದು ತಂತಿಯಿಲ್ಲದ್ದನ್ನು. ಪೋಷಕರು ಇಲ್ಲಿ ಸ್ವಲ್ಪ ಗಟ್ಟಿಯಾಗಿರಬೇಕು. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ತಡವಾಗಿ ಕಿವಿ ತಲಪುವುದುಂಟು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಲೆಕ್ಕ ಹಾಕಿ ನೋಡಿ: ತಬಲಾದವನು 34 ಮೀಟರ್ ಆಚೆ ಕುಳಿತು ನುಡಿಸಿದಂತಾಯಿತು! ಗಾಯಕ ತಾಳ ಹಿಡಿಯುವುದೆಂತು?

ಪೆಟ್ಟಿಗೆಯ ಮೇಲೆ ‘ಓಮ್’ ಎಂಬ ಅಂಕಿ ನೋಡಿ. 32ರಿಂದ 64ರೊಳಗಿದ್ದರೆ ಲ್ಯಾಪ್‌ಟಾಪಿಗೂ ಸಾಕು. 250 ಓಮ್‌ನದು ಅದರಲ್ಲಿ ಕ್ಷೀಣವಾಗಿ ಕೇಳಿಸೀತು. ‘30,000 ಹರ್ಟ್ಸ್‌ವರೆಗೆ’ ಎಂಬ ಜಂಬಕ್ಕೆ ಹಣ ತೆರಬೇಡಿ. ಎಳೆಯ ಕಿವಿಯ ಮಿತಿಯೇ ಸುಮಾರು 20,000. ನನ್ನ ವಯಸ್ಸಿನವರಿಗೆ ಅಷ್ಟೂ ಇಲ್ಲ. ಆಡಿಯೋ ಟೆಕ್ನಿಕಾದ ಎಂ20ಎಕ್ಸ್ (47 ಓಮ್) ಆರಂಭಕ್ಕೆ ಸಾಕಾದೀತು. ಆದರೆ ಅದರ ತಂತಿ ಬಿಚ್ಚಲು ಬರುವುದಿಲ್ಲ. ಬಿಚ್ಚಬಹುದಾದ ತಂತಿ ಬೇಕಿದ್ದರೆ ಎಂ40ಎಕ್ಸ್. 1991ರಲ್ಲಿ ಬಂದ ಸೋನಿ ಎಂಡಿಆರ್ 7506 ಸ್ಟುಡಿಯೋಗಳ ಹಳೆಯ ನೆಂಟ, ಬೆಲೆ ಮಾತ್ರ ಹೆಚ್ಚು.

ಅಂಗಡಿಯಲ್ಲಿ ಒಂದು ಪ್ರಯೋಗ ಮಾಡಿ. ಮೃದಂಗವಿರುವ ಹಾಡು ಹಾಕಿ, ಕಿವಿಯ ಮೆತ್ತೆಯನ್ನು ಬೆರಳಿನಷ್ಟು ಎತ್ತಿ. ಎಡದ ಗುಂಕಾರ ಒಮ್ಮೆಲೇ ಮಾಯ! ಮಂದ್ರ ಧ್ವನಿ ಕೇಳಿಸಲು ಮೆತ್ತೆಯೊಳಗಿನ ಗಾಳಿ ಒತ್ತಡ ಉಳಿಸಿಕೊಳ್ಳಬೇಕು. ಸಂದು ಬಿದ್ದರೆ ಅದು ಸೋರಿಹೋಗುತ್ತದೆ. ಕನ್ನಡಕದ ಕಡ್ಡಿಯೂ ಇಂಥ ಸಂದು ಮಾಡುತ್ತದೆ. ಆದ್ದರಿಂದ ಕನ್ನಡಕವಿರುವ ಮಕ್ಕಳು ಅದನ್ನು ಹಾಕಿಕೊಂಡೇ ಪರೀಕ್ಷಿಸಲಿ. ಹತ್ತು ನಿಮಿಷದಲ್ಲಿ ಕಿವಿ ನೋಯಿಸುವ ಹೆಡ್‌ಫೋನು ಎಷ್ಟು ಅಗ್ಗವಾದರೂ ಬೇಡ.

ಹೊರಗಿನ ಗದ್ದಲ ತಡೆಯುವುದರಿಂದ ಸದ್ದನ್ನು ಕಡಿಮೆ ಇಟ್ಟರೂ ನಡೆಯುತ್ತದೆ, ಇಡಲೇಬೇಕು ಕೂಡ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಮಕ್ಕಳಿಗೆ ಇದಕ್ಕಿಂತಲೂ ಕಡಿಮೆ.

ಮುದ್ರಣ ಮುಗಿದ ಮೇಲೆ ಹಾಡನ್ನು ಮನೆಯ ಸಾಧಾರಣ ಸ್ಪೀಕರಿನಲ್ಲೂ ಕೇಳಿ. ಮುಚ್ಚಿದ ಹೆಡ್‌ಫೋನುಗಳು ಕೆಲವೊಮ್ಮೆ ಮಂದ್ರವನ್ನು ಉಬ್ಬಿಸಿ ತೋರಿಸುತ್ತವೆ; ಅದನ್ನೇ ನಂಬಿ ತಬಲಾ ತಗ್ಗಿಸಿದರೆ ಸ್ಪೀಕರಿನಲ್ಲಿ ಅದು ಕೇಳಿಸುವುದೇ ಇಲ್ಲ.