ರೋಗಿಯ ದಾಖಲೆಯೂ ಶಸ್ತ್ರಚಿಕಿತ್ಸೆಯ ಸರದಿಯೂ

ರೋಗ ಬಂದಾಗ ಮನುಷ್ಯನು ಅನುಭವಿಸುವ ಕಷ್ಟಗಳು ಹಲವು. ಅವುಗಳಲ್ಲಿ ನೋವು ಒಂದಾದರೆ ಚಿಕಿತ್ಸೆಗಾಗಿ ಕಾಯುವುದು ಇನ್ನೊಂದು. ಕಣ್ಣಿಗೆ ಪೊರೆ ಬೆಳೆದ ವೃದ್ಧನಿಗೆ ಕಾಯುವ ಪ್ರತಿಯೊಂದು ತಿಂಗಳೂ ಕತ್ತಲೆಯ ತಿಂಗಳೇ. ಸೊಂಟದ ಕೀಲು ಸವೆದ ತಾಯಿಗೆ ಕಾಯುವ ಪ್ರತಿಯೊಂದು ದಿನವೂ ಮನೆಯೊಳಗಿನ ಸೆರೆವಾಸವೇ. ಅರ್ಬುದರೋಗದಲ್ಲಂತೂ ಕಾಲವಿಳಂಬವು ಪ್ರಾಣಕ್ಕೇ ಸಂಚಕಾರವಾಗಬಲ್ಲುದು. ಆದುದರಿಂದ ಶಸ್ತ್ರಚಿಕಿತ್ಸೆಯ ಸರದಿಯನ್ನು ಕಡಿಮೆ ಮಾಡುವ ಉಪಾಯಗಳನ್ನು ಕುರಿತು ಯೋಚಿಸುವುದು ಕೇವಲ ಆಡಳಿತಗಾರರ ಕೆಲಸವಲ್ಲ. ಲೋಕಹಿತವನ್ನು ಬಯಸುವ ಎಲ್ಲರೂ ಗಮನಿಸಬೇಕಾದ ವಿಷಯವದು.

ಅಂತಹ ಉಪಾಯಗಳಲ್ಲಿ ಒಂದು, ರೋಗಿಯ ದಾಖಲೆಯನ್ನು ಗಣಕಯಂತ್ರದಲ್ಲಿರಿಸಿ, ಅವನಿಗೆ ಚಿಕಿತ್ಸೆ ನೀಡುವ ವೈದ್ಯರೆಲ್ಲರೂ ತಮ್ಮ ತಮ್ಮ ಸ್ಥಳದಿಂದಲೇ ಅದನ್ನು ನೋಡುವಂತೆ ಮಾಡುವುದು. ಕಾಗದವೊಂದು ಬೇಗ ತಲುಪಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಗ ನಡೆದೀತೇ ಎಂಬ ಸಂದೇಹ ಯಾರಿಗಾದರೂ ಬರುವುದು ಸಹಜ. ಈ ಸಂದೇಹಕ್ಕೆ ಉತ್ತರವನ್ನು ಹುಡುಕಲು ಇಂಗ್ಲೆಂಡಿನ ಉದಾಹರಣೆ ಅತ್ಯಂತ ಉಪಯುಕ್ತವಾಗಿದೆ. ಏಕೆಂದರೆ ಆ ದೇಶವು ತನ್ನ ಸರದಿಯ ಲೆಕ್ಕವನ್ನು ತಿಂಗಳು ತಿಂಗಳೂ ಎಣಿಸಿ ಬಹಿರಂಗವಾಗಿ ಪ್ರಕಟಿಸುತ್ತದೆ. ಮೇಲಾಗಿ, ಗಣಕೀಕೃತ ದಾಖಲೆಯ ಪ್ರಯತ್ನದಲ್ಲಿ ಸೋಲನ್ನೂ ಗೆಲುವನ್ನೂ ಎರಡನ್ನೂ ಕಂಡಿದೆ.

ಇಂಗ್ಲೆಂಡಿನ ಸರದಿಪಟ್ಟಿ

ದ್ವಿತೀಯ ಮಹಾಯುದ್ಧದ ತರುವಾಯ, ೧೯೪೮ನೆಯ ಇಸವಿ ಜುಲೈ ೫ರಂದು, ಆರೋಗ್ಯ ಸಚಿವರಾಗಿದ್ದ ಅನೈರಿನ್ ಬೆವನ್ ಅವರ ಶ್ರಮದಿಂದ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದರ ವೆಚ್ಚವು ಬಹುಪಾಲು ತೆರಿಗೆಯ ಹಣದಿಂದ ನಡೆಯುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ರೋಗಿಯನ್ನು ಹಣ ಕೇಳುವುದಿಲ್ಲ. ಹಣದ ಅಡ್ಡಿ ಇಲ್ಲದೆಡೆ ಸರದಿಯೇ ಅಡ್ಡಿಯಾಗಿ ನಿಲ್ಲುತ್ತದೆ ಎಂಬುದು ಈ ವ್ಯವಸ್ಥೆಯ ಹಳೆಯ ಕೊರತೆ. ಇದನ್ನು ಸರಿಪಡಿಸಲು, ಕುಟುಂಬ ವೈದ್ಯರು ಆಸ್ಪತ್ರೆಗೆ ಕಳುಹಿಸಿದ ದಿನದಿಂದ ಚಿಕಿತ್ಸೆ ಆರಂಭವಾಗುವ ದಿನದವರೆಗೆ ೧೮ ವಾರಗಳಿಗಿಂತ ಹೆಚ್ಚು ಕಾಯಿಸಬಾರದೆಂಬ ನಿಯಮವನ್ನು ಅಲ್ಲಿ ಗೊತ್ತುಮಾಡಿದರು. ಪಟ್ಟಿಯಲ್ಲಿರುವವರ ಪೈಕಿ ಶೇಕಡಾ ೯೨ರಷ್ಟು ಜನರಾದರೂ ಈ ಅವಧಿಯೊಳಗೆ ಇರಬೇಕೆಂಬ ಗುರಿ ೨೦೧೨ರಿಂದ ಜಾರಿಯಲ್ಲಿದೆ. ಆದರೆ ೨೦೧೬ರ ತರುವಾಯ ಈ ಗುರಿಯನ್ನು ಮುಟ್ಟಲಾಗಲಿಲ್ಲ. ೨೦೨೦ರ ಆರಂಭದಲ್ಲಿ ಸುಮಾರು ೪೬ ಲಕ್ಷದಷ್ಟಿದ್ದ ಪಟ್ಟಿ, ಕೊರೋನಾ ಮಹಾಮಾರಿಯ ಕಾಲದಲ್ಲಿ ಶಸ್ತ್ರಚಿಕಿತ್ಸೆಗಳು ನಿಂತುದರಿಂದ ಬೆಳೆಯುತ್ತ ಹೋಗಿ, ೨೦೨೩ರ ಸೆಪ್ಟೆಂಬರ್ ವೇಳೆಗೆ ೭೭ ಲಕ್ಷವನ್ನು ಮೀರಿತು. ಈ ಸಂಖ್ಯೆಯಲ್ಲಿ ಎಲ್ಲರೂ ಶಸ್ತ್ರಚಿಕಿತ್ಸೆಗೇ ಕಾದವರಲ್ಲ. ತಜ್ಞರ ಭೇಟಿಗೆ, ಪರೀಕ್ಷೆಗೆ ಕಾದವರೂ ಇದರಲ್ಲಿ ಸೇರಿದ್ದಾರೆ. ಒಬ್ಬರೇ ಎರಡು ಸರದಿಗಳಲ್ಲಿ ನಿಂತಿರುವುದೂ ಉಂಟು.

ಕಾಲ ಎಲ್ಲಿ ಕಳೆದುಹೋಗುತ್ತದೆ?

ಶಸ್ತ್ರಚಿಕಿತ್ಸೆಯ ಸರದಿ ಎಂದೊಡನೆ, ಕೊಠಡಿಯ ಮುಂದೆ ನಿಂತ ಒಂದೇ ಸಾಲನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ನಿಜಕ್ಕೂ ಅದು ಹಲವು ಸಾಲುಗಳ ಸರಮಾಲೆ. ಕುಟುಂಬ ವೈದ್ಯರ ಪತ್ರ ತಜ್ಞರನ್ನು ತಲುಪಬೇಕು. ತಜ್ಞರು ನೋಡಿ ರಕ್ತಪರೀಕ್ಷೆಯನ್ನೂ ಎಕ್ಸ್‌ರೇ ಅಥವಾ ಸ್ಕ್ಯಾನನ್ನೂ ಬರೆದುಕೊಡಬೇಕು. ಅವುಗಳ ಫಲಿತಾಂಶ ಬಂದ ಮೇಲೆ ಶಸ್ತ್ರಚಿಕಿತ್ಸೆಯ ನಿರ್ಣಯವಾಗಬೇಕು. ಅನಂತರ ರೋಗಿಯ ದೇಹ ಅರಿವಳಿಕೆಯನ್ನು ತಾಳಬಲ್ಲುದೇ ಎಂಬ ಪರೀಕ್ಷೆ ನಡೆಯಬೇಕು. ಕೊನೆಯಲ್ಲಿ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ದಾದಿಯರು, ಕೊಠಡಿ, ಹಾಸಿಗೆ ಇವೆಲ್ಲವೂ ಒಂದೇ ದಿನ ಕೂಡಿಬರಬೇಕು. ಒಂದು ಘಟ್ಟದಿಂದ ಇನ್ನೊಂದು ಘಟ್ಟಕ್ಕೆ ಮಾಹಿತಿ ತಲುಪದೆ ನಿಂತರೆ ರೋಗಿಯೂ ಅಲ್ಲಿಯೇ ನಿಲ್ಲುತ್ತಾನೆ. ಒಂದು ಆಸ್ಪತ್ರೆಯಲ್ಲಿ ತೆಗೆದ ಚಿತ್ರ ಇನ್ನೊಂದಕ್ಕೆ ದೊರೆಯದಿದ್ದರೆ ಅದನ್ನು ಮತ್ತೆ ತೆಗೆಯಬೇಕಾಗುತ್ತದೆ. ಹಾಗೆ ಮತ್ತೆ ತೆಗೆದುದು ಇನ್ನೊಬ್ಬ ರೋಗಿಯ ವೇಳೆಯನ್ನು ಕಸಿದುಕೊಳ್ಳುತ್ತದೆ.

ಇದಕ್ಕಿಂತಲೂ ದೊಡ್ಡ ನಷ್ಟ, ಕೊನೆಯ ಗಳಿಗೆಯಲ್ಲಿ ಶಸ್ತ್ರಚಿಕಿತ್ಸೆ ರದ್ದಾಗುವುದು. ರೋಗಿಯು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ಸೇವಿಸುತ್ತಿದ್ದರೆ ಅದನ್ನು ಸಾಮಾನ್ಯವಾಗಿ ಐದು ದಿನ ಮೊದಲೇ ವೈದ್ಯರ ಸಲಹೆಯಂತೆ ನಿಲ್ಲಿಸಬೇಕಾಗುತ್ತದೆ. ಈ ಸಂಗತಿ ಅವನ ಕುಟುಂಬ ವೈದ್ಯರಿಗೆ ಗೊತ್ತಿದ್ದು ಆಸ್ಪತ್ರೆಗೆ ಗೊತ್ತಿರದಿದ್ದರೆ, ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಅವನನ್ನು ಮನೆಗೆ ಹಿಂದಿರುಗಿಸದೆ ಗತ್ಯಂತರವಿಲ್ಲ. ರಕ್ತಹೀನತೆಯಾಗಲಿ ಹತೋಟಿಯಿಲ್ಲದ ಮಧುಮೇಹವಾಗಲಿ ಹಾಗೆಯೇ; ಅವುಗಳನ್ನು ಸರಿಪಡಿಸಲು ವಾರಗಳು ಬೇಕು, ಆ ಬೆಳಿಗ್ಗೆ ಕಂಡುಬಂದರೆ ಪ್ರಯೋಜನವಿಲ್ಲ. ಅಷ್ಟು ಹೊತ್ತಿಗೆ ಇನ್ನೊಬ್ಬ ರೋಗಿಯನ್ನು ಉಪವಾಸವಿರಿಸಿ ಸಿದ್ಧಗೊಳಿಸಿ ಕರೆತರುವುದು ಅಸಾಧ್ಯ. ಕೊಠಡಿ ಬರಿದಾಗಿರುತ್ತದೆ, ವೈದ್ಯರು ಕೈಕಟ್ಟಿ ಕುಳಿತಿರುತ್ತಾರೆ.

ಈ ನಷ್ಟದ ಪ್ರಮಾಣವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ದಿನಕ್ಕೆ ಐದು ಶಸ್ತ್ರಚಿಕಿತ್ಸೆ ನಡೆಯುವ ಕೊಠಡಿಯೊಂದರಲ್ಲಿ ಎರಡು ದಿನಕ್ಕೊಂದು ಹೀಗೆ ತಪ್ಪಿಹೋಗುತ್ತದೆ ಎಂದಿಟ್ಟುಕೊಳ್ಳೋಣ. ವರ್ಷದಲ್ಲಿ ೨೫೦ ದಿನ ಕೆಲಸ ನಡೆದರೆ ತಪ್ಪಿದ ಶಸ್ತ್ರಚಿಕಿತ್ಸೆಗಳು ೧೨೫. ಅಂದರೆ ಆ ಕೊಠಡಿಯು ವರ್ಷದಲ್ಲಿ ೨೫ ದಿನ ಬೀಗ ಹಾಕಿಕೊಂಡಿದ್ದಂತೆಯೇ ಆಯಿತು. ಹೊಸ ಕೊಠಡಿಯನ್ನು ಕಟ್ಟದೆ, ಹೊಸ ವೈದ್ಯರನ್ನು ನೇಮಿಸದೆ ಈ ದಿನಗಳನ್ನು ಮರಳಿ ಪಡೆಯಲು ಸಾಧ್ಯವಿದ್ದರೆ ಅದು ಸಣ್ಣ ಲಾಭವಲ್ಲ.

ಹಂಚಿಕೊಂಡ ದಾಖಲೆಯ ಉಪಕಾರ

ಇಲ್ಲಿಯೇ ಗಣಕೀಕೃತ ದಾಖಲೆಯು ನೆರವಿಗೆ ಬರುತ್ತದೆ. ಒಂದನೆಯದಾಗಿ, ರೋಗಿಯ ಹೆಸರು ಪಟ್ಟಿಗೆ ಸೇರಿದ ದಿನವೇ ಅವನ ಔಷಧಗಳು, ಹಳೆಯ ಕಾಯಿಲೆಗಳು, ಮೈಗೆ ಒಗ್ಗದ ಮದ್ದುಗಳು ಆಸ್ಪತ್ರೆಯ ಕಣ್ಣಿಗೆ ಬೀಳುತ್ತವೆ. ಕಾಯುವ ಕಾಲವು ಸಿದ್ಧತೆಯ ಕಾಲವಾಗುತ್ತದೆ. ಎರಡನೆಯದಾಗಿ, ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡುವ ಪ್ರಮೇಯ ತಪ್ಪುತ್ತದೆ. ಮೂರನೆಯದಾಗಿ, ಪಟ್ಟಿಯೇ ಶುದ್ಧವಾಗುತ್ತದೆ. ದೀರ್ಘವಾದ ಪಟ್ಟಿಯಲ್ಲಿ ಬೇರೆಡೆ ಚಿಕಿತ್ಸೆ ಪಡೆದವರು, ಎರಡು ಬಾರಿ ನಮೂದಾದವರು, ತೀರಿಕೊಂಡವರು ಕೂಡ ಉಳಿದಿರುತ್ತಾರೆ. ಇಂಗ್ಲೆಂಡಿನಲ್ಲಿ ಪ್ರತಿಯೊಬ್ಬ ರೋಗಿಗೂ ಹತ್ತು ಅಂಕಿಗಳ ಒಂದು ಸಂಖ್ಯೆ ಇರುವುದರಿಂದ ಇಂತಹ ಹೆಸರುಗಳನ್ನು ಹೋಲಿಸಿ ತೆಗೆಯುವುದು ಸುಲಭವಾಗಿದೆ. ನಾಲ್ಕನೆಯದಾಗಿ, ನೆರೆಯ ಆಸ್ಪತ್ರೆಗಳು ಪರಸ್ಪರರ ಸರದಿಯನ್ನು ನೋಡಬಲ್ಲವಾದರೆ, ಒಂದೆಡೆ ಹತ್ತು ತಿಂಗಳು ಕಾಯಬೇಕಾದವನನ್ನು ನಾಲ್ಕು ತಿಂಗಳ ಸರದಿಯಿರುವ ಇನ್ನೊಂದೆಡೆಗೆ, ಅವನ ಒಪ್ಪಿಗೆ ಪಡೆದು, ಕಳುಹಿಸಬಹುದು. ದಾಖಲೆಯೂ ಅವನ ಜೊತೆಯಲ್ಲಿಯೇ ಹೋಗುವುದರಿಂದ ಹೊಸ ಆಸ್ಪತ್ರೆಯು ಮೊದಲಿನಿಂದ ಆರಂಭಿಸಬೇಕಾಗಿಲ್ಲ.

ಸೋಲು ಕಲಿಸಿದ ಪಾಠ

ಇಷ್ಟು ಸರಳವಾಗಿ ತೋರುವ ಈ ಕಾರ್ಯ ಆಚರಣೆಯಲ್ಲಿ ಬಹು ಕಠಿಣವಾಯಿತು. ಆ ದೇಶದ ಕುಟುಂಬ ವೈದ್ಯರು ಇಪ್ಪತ್ತನೆಯ ಶತಮಾನದ ಬಹುಭಾಗ ರೋಗಿಯ ವಿವರಗಳನ್ನು ಸಣ್ಣ ಕಾಗದದ ಲಕೋಟೆಗಳಲ್ಲಿ ಇಡುತ್ತಿದ್ದರು. ೧೯೧೧ರ ವಿಮಾ ಕಾಯಿದೆಯನ್ನು ತಂದ ಲಾಯ್ಡ್ ಜಾರ್ಜ್ ಅವರ ಹೆಸರಿನಿಂದಲೇ ಆ ಲಕೋಟೆಗಳನ್ನು ಕರೆಯುವುದು ರೂಢಿ. ಇದನ್ನೆಲ್ಲ ಬದಲಾಯಿಸಲು ೨೦೦೨ರಲ್ಲಿ ಸರಕಾರವು ನೂರಾರು ಕೋಟಿ ಪೌಂಡುಗಳ ರಾಷ್ಟ್ರೀಯ ಯೋಜನೆಯೊಂದನ್ನು ಕೈಗೊಂಡಿತು. ದೇಶಕ್ಕೆಲ್ಲ ಅನ್ವಯಿಸುವ ವ್ಯವಸ್ಥೆಯನ್ನು ರಾಜಧಾನಿಯಲ್ಲಿ ನಿರ್ಣಯಿಸಿ ಆಸ್ಪತ್ರೆಗಳಿಗೆ ಇಳಿಸಲು ಹೊರಟರು. ಅದನ್ನು ದಿನವೂ ಬಳಸಬೇಕಾದ ವೈದ್ಯರನ್ನೂ ದಾದಿಯರನ್ನೂ ಸಾಕಷ್ಟು ಕೇಳಲಿಲ್ಲ. ಪರಿಣಾಮವಾಗಿ, ೨೦೧೧ರಲ್ಲಿ ಆ ಯೋಜನೆಯನ್ನು ಕಳಚಿಹಾಕುವುದಾಗಿ ಸರಕಾರವೇ ಘೋಷಿಸಬೇಕಾಯಿತು. ಆದರೂ ಅದು ಸಂಪೂರ್ಣ ವ್ಯರ್ಥವಾಯಿತೆನ್ನಲಾಗದು. ಎಕ್ಸ್‌ರೇ, ಸ್ಕ್ಯಾನುಗಳ ಚಿತ್ರಗಳನ್ನು ಗಣಕದಲ್ಲಿರಿಸುವ ಪದ್ಧತಿಯೂ, ಔಷಧದ ಚೀಟಿಯನ್ನು ತಂತಿಯ ಮೂಲಕ ಅಂಗಡಿಗೆ ಕಳುಹಿಸುವ ಪದ್ಧತಿಯೂ ಆ ಯೋಜನೆಯ ಉಳಿದ ಫಲಗಳು.

ಎರಡನೆಯ ಪಾಠ ನಂಬಿಕೆಗೆ ಸಂಬಂಧಿಸಿದ್ದು. ಕುಟುಂಬ ವೈದ್ಯರಲ್ಲಿದ್ದ ವಿವರಗಳನ್ನು ಒಂದೆಡೆ ಸಂಗ್ರಹಿಸುವ ‘ಕೇರ್ ಡಾಟಾ’ ಎಂಬ ಯೋಜನೆಯು, ಜನರಿಗೆ ಸರಿಯಾಗಿ ತಿಳಿಯಹೇಳದ ಕಾರಣದಿಂದ ೨೦೧೪ರಲ್ಲಿ ಪ್ರಬಲ ವಿರೋಧವನ್ನು ಎದುರಿಸಿ ನಿಂತಿತು. ೨೦೧೬ರಲ್ಲಿ ಅದನ್ನು ಕೈಬಿಡಲಾಯಿತು. ತಮ್ಮ ಕಾಯಿಲೆಯ ಗುಟ್ಟು ವಿಮಾ ಕಂಪನಿಗಳ ಕೈಸೇರೀತೆಂಬ ಭಯ ಜನರಲ್ಲಿತ್ತು. ೨೦೨೩ರ ನವೆಂಬರಿನಲ್ಲಿ, ಆಸ್ಪತ್ರೆಗಳ ಸರದಿ, ಹಾಸಿಗೆ, ಕೊಠಡಿಗಳ ಮಾಹಿತಿಯನ್ನು ಜೋಡಿಸುವ ಇನ್ನೊಂದು ವ್ಯವಸ್ಥೆಯ ಗುತ್ತಿಗೆಯನ್ನು ಏಳು ವರ್ಷಗಳಿಗೆ, ಗರಿಷ್ಠ ೩೩ ಕೋಟಿ ಪೌಂಡುಗಳಿಗೆ, ಅಮೆರಿಕದ ಪ್ಯಾಲಂಟಿರ್ ಸಂಸ್ಥೆಯ ನೇತೃತ್ವದ ಕೂಟಕ್ಕೆ ಕೊಟ್ಟಾಗಲೂ ಇದೇ ಭಯ ಮತ್ತೆ ತಲೆದೋರಿತು. ವೈದ್ಯರಿಗೆ ಹೇಳಿದ ಮಾತು ಬೇರೆಡೆಗೆ ಹೋಗುತ್ತದೆ ಎಂದು ರೋಗಿಗೆ ಅನಿಸಿದರೆ ಅವನು ಹೇಳುವುದನ್ನೇ ನಿಲ್ಲಿಸುತ್ತಾನೆ. ಆಗ ದಾಖಲೆ ಇದ್ದೂ ಇಲ್ಲದಂತಾಗುತ್ತದೆ. ಯಾರು, ಯಾವಾಗ, ಏತಕ್ಕಾಗಿ ದಾಖಲೆಯನ್ನು ತೆರೆದರೆಂಬ ಗುರುತು ಉಳಿಯುವುದು, ಅನುಮತಿಯಿಲ್ಲದೆ ತೆರೆದವರಿಗೆ ಶಿಕ್ಷೆಯಾಗುವುದು, ಇವು ಇಂತಹ ವ್ಯವಸ್ಥೆಯ ಅಲಂಕಾರಗಳಲ್ಲ, ಅಡಿಗಲ್ಲುಗಳು.

ಮೂರನೆಯ ಪಾಠ ಅಪಾಯಕ್ಕೆ ಸಂಬಂಧಿಸಿದ್ದು. ೨೦೨೪ರ ಜೂನ್ ತಿಂಗಳಲ್ಲಿ ಲಂಡನ್ನಿನ ಕೆಲವು ದೊಡ್ಡ ಆಸ್ಪತ್ರೆಗಳಿಗೆ ರಕ್ತಪರೀಕ್ಷೆ ಮಾಡಿಕೊಡುತ್ತಿದ್ದ ಸಂಸ್ಥೆಯೊಂದರ ಗಣಕಗಳಿಗೆ ದುಷ್ಕರ್ಮಿಗಳು ಕನ್ನ ಹಾಕಿದರು. ರಕ್ತದ ಗುಂಪನ್ನು ಬೇಗ ಹೊಂದಿಸಲಾಗದೆ, ೧,೭೦೦ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮುಂತಾದ ನಿಗದಿತ ಚಿಕಿತ್ಸೆಗಳನ್ನೂ ೧೦,೦೦೦ಕ್ಕೂ ಹೆಚ್ಚು ಹೊರರೋಗಿಗಳ ಭೇಟಿಗಳನ್ನೂ ಮುಂದೂಡಬೇಕಾಯಿತು. ಸರದಿಯನ್ನು ಕಡಿಮೆ ಮಾಡಬೇಕಾದ ಯಂತ್ರವೇ ಸರದಿಯನ್ನು ಬೆಳೆಸಿತು! ಕೀಲಿಯಿಲ್ಲದ ಕಣಜದಲ್ಲಿ ಎಷ್ಟು ಧಾನ್ಯ ತುಂಬಿದರೇನು?

ದಾಖಲೆಯ ಮಿತಿ

ದಾಖಲೆಯ ಗುಣಗಳನ್ನು ಹೇಳುವಾಗ ಅದರ ಮಿತಿಯನ್ನು ಮರೆಯಬಾರದು. ಅದು ಶಸ್ತ್ರವೈದ್ಯರನ್ನು ಸೃಷ್ಟಿಸಲಾರದು, ಹಾಸಿಗೆಯನ್ನು ಹೆಚ್ಚಿಸಲಾರದು. ಗುಣಮುಖನಾದ ವೃದ್ಧನನ್ನು ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅವನು ಆಸ್ಪತ್ರೆಯ ಹಾಸಿಗೆಯಲ್ಲಿಯೇ ಉಳಿದರೆ, ಮುಂದಿನ ರೋಗಿಗೆ ಸ್ಥಳವಿರುವುದಿಲ್ಲ. ಇದಕ್ಕೆ ಗಣಕದಲ್ಲಿ ಮದ್ದಿಲ್ಲ. ಬೇರೆ ಬೇರೆ ಆಸ್ಪತ್ರೆಗಳು ಬೇರೆ ಬೇರೆ ಕಂಪನಿಗಳ ವ್ಯವಸ್ಥೆಗಳನ್ನು ಕೊಂಡು, ಅವು ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದಂತಿದ್ದರೆ ಕಾಗದದ ಕಾಲವೇ ಲೇಸಾಗಿತ್ತು ಎನಿಸುತ್ತದೆ. ಹೊಸ ಪದ್ಧತಿ ಬಂದ ಆರಂಭದಲ್ಲಿ ವೈದ್ಯರ ಕೆಲಸ ನಿಧಾನವಾಗುವುದೂ ನಿಜ. ಇಷ್ಟನ್ನು ತಿಳಿದು ನೋಡಿದರೆ ನಮ್ಮ ಸಂದೇಹಕ್ಕೆ ಉತ್ತರ ದೊರೆಯುತ್ತದೆ. ದಾಖಲೆಯು ಚಿಕಿತ್ಸೆ ಮಾಡುವ ಕೈಗಳಿಗೆ ಬದಲಿಯಲ್ಲ; ಆ ಕೈಗಳು ಬರಿದೆ ಕಾಯದಂತೆ ನೋಡಿಕೊಳ್ಳುವ ಸಾಧನ ಅದು.

ನಮ್ಮ ನಾಡಿನ ಮಾತು

ನಮ್ಮಲ್ಲಿ ಇಂಗ್ಲೆಂಡಿನಂತೆ ದೇಶಕ್ಕೆಲ್ಲ ಒಂದೇ ಸರದಿಪಟ್ಟಿ ಇಲ್ಲ. ಹಳ್ಳಿಯ ರೋಗಿಯು ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಹೋಗುವಾಗ ಅವನ ದಾಖಲೆ ಪ್ಲಾಸ್ಟಿಕ್ ಚೀಲದಲ್ಲಿ ಅವನ ಕಂಕುಳಲ್ಲಿಯೇ ಇರುತ್ತದೆ. ಅದರಲ್ಲಿ ಒಂದು ಗುಣವುಂಟು: ದಾಖಲೆ ರೋಗಿಯದೇ, ಅವನು ಇಚ್ಛಿಸಿದವರಿಗೆ ತೋರಿಸಬಹುದು. ಮಳೆಯಲ್ಲಿ ನೆನೆದರೆ, ಒಂದು ಚೀಟಿ ಕಳೆದರೆ, ಪರೀಕ್ಷೆಯ ಖರ್ಚು ಮತ್ತೆ ಅವನ ತಲೆಯ ಮೇಲೆಯೇ ಬೀಳುತ್ತದೆ ಎಂಬುದು ಅದರ ದೋಷ. ೨೦೨೧ರ ಸೆಪ್ಟೆಂಬರ್ ೨೭ರಂದು ರಾಷ್ಟ್ರವ್ಯಾಪಿಯಾಗಿ ಪ್ರಾರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ಗುಣವನ್ನು ಉಳಿಸಿ ದೋಷವನ್ನು ನೀಗಲು ಹೊರಟಿದೆ. ಅದರಂತೆ, ಬಯಸಿದ ಪ್ರಜೆಯು ಹದಿನಾಲ್ಕು ಅಂಕಿಗಳ ‘ಆಭಾ’ ಸಂಖ್ಯೆಯನ್ನು ಪಡೆಯಬಹುದು. ದಾಖಲೆಗಳು ಅವು ಹುಟ್ಟಿದ ಆಸ್ಪತ್ರೆಯಲ್ಲಿಯೇ ಇದ್ದು, ರೋಗಿಯ ಒಪ್ಪಿಗೆಯ ಮೇರೆಗೆ ಮಾತ್ರ ಇನ್ನೊಬ್ಬ ವೈದ್ಯರಿಗೆ ಕಾಣುವಂತೆ ಏರ್ಪಾಡಿದೆ. ಆದರೆ ೨೦೨೨ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಗಣಕಗಳು ಕನ್ನಗಳ್ಳರ ವಶವಾಗಿ, ಹಲವು ದಿನ ಎಲ್ಲವನ್ನೂ ಕೈಬರಹದಲ್ಲಿಯೇ ನಡೆಸಬೇಕಾಯಿತೆಂಬುದನ್ನು ನೆನೆದರೆ, ಲಂಡನ್ನಿನ ಅಪಾಯ ನಮಗೂ ದೂರವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಆಸ್ಪತ್ರೆಗಳಿಗೆ ದಾನ ಮಾಡುವ ಉದಾರಿಗಳು ಸಾಮಾನ್ಯವಾಗಿ ಕಟ್ಟಡವನ್ನೋ ಯಂತ್ರವನ್ನೋ ಕೊಡುತ್ತಾರೆ; ಅದು ಸ್ತುತ್ಯವೇ. ದಾಖಲೆಯನ್ನು ಶುದ್ಧವಾಗಿ ಬರೆದಿಡುವ ಒಬ್ಬ ತರಬೇತಾದ ಗುಮಾಸ್ತನ ಸಂಬಳವೂ, ದಾಖಲೆಯನ್ನು ಕಾಯುವ ಭದ್ರ ವ್ಯವಸ್ಥೆಯ ವೆಚ್ಚವೂ ಅಷ್ಟೇ ಬೆಲೆಯ ದಾನವೆಂದು ಅವರು ಎಣಿಸಬೇಕು. ವೈದ್ಯವೃತ್ತಿಯನ್ನು ಹಿಡಿದ ಹಳೆಯ ವಿದ್ಯಾರ್ಥಿಗಳು ತಾವು ಬರೆಯುವ ಪ್ರತಿಯೊಂದು ಸಾಲನ್ನೂ ಇನ್ನೊಬ್ಬರು ಓದಿ ನಡೆಯುವರೆಂಬ ಎಚ್ಚರದಿಂದ ಬರೆಯಬೇಕು. ಅಧ್ಯಾಪಕರಂತೂ, ಕಂಡದ್ದನ್ನು ಕಂಡಂತೆ, ಓದುವಂತೆ, ದಿನಾಂಕಸಹಿತ ಬರೆಯುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಿದರೆ ಅದೇ ದೊಡ್ಡ ಸೇವೆ. ಗಣಕಯಂತ್ರ ಎಷ್ಟೇ ಚುರುಕಾಗಿದ್ದರೂ, ತಪ್ಪಾಗಿ ಬರೆದುದನ್ನು ಅದು ತಪ್ಪಾಗಿಯೇ ಬೇಗ ಮುಟ್ಟಿಸುತ್ತದೆ. ಸರಿಯಾಗಿ ಬರೆದ ಒಂದು ಸಾಲು ಸಕಾಲದಲ್ಲಿ ಸರಿಯಾದ ಕೈ ಸೇರಿದರೆ, ಎಲ್ಲಿಯೋ ಒಬ್ಬ ವೃದ್ಧನ ಕತ್ತಲೆ ಒಂದು ತಿಂಗಳಷ್ಟು ಕಡಿಮೆಯಾದೀತು.