ಗೋಡೆಯ ಮೇಲಿನ ಚಿಗರಿಯ ಒಳಗೇನಿದೆ?

ಅಫಜಲಪುರ ತಾಲ್ಲೂಕಿನ ಕರಜಗಿಯಂಥ ಕರಿಮಣ್ಣಿನ ಊರುಗಳಲ್ಲಿ ಚಿಗರಿಯ ಪರಿಚಯವನ್ನು ಯಾರಿಗೂ ಮಾಡಿಕೊಡಬೇಕಾಗಿಲ್ಲ. ಬೆಳೆ ಗೇಣುದ್ದ ಬರುವ ಹೊತ್ತಿಗೆ ಹಿಂಡು ಬಂದು ಮೇಯುತ್ತದೆ. ರೈತ ಬೈಯುತ್ತಾನೆ, ಕೂಗಿ ಓಡಿಸುತ್ತಾನೆ. ಆದರೂ ಗಂಡು ಚಿಗರಿ ಚಂಗನೆ ನೆಗೆದು ಓಡುವುದನ್ನು ಒಂದು ಗಳಿಗೆ ನಿಂತು ನೋಡುತ್ತಾನೆ. ಇದೇ ಚಿಗರಿ ಇನ್ನೊಂದು ಕಡೆಯೂ ಕಾಣಸಿಗುತ್ತದೆ. ಹಳೆಯ ವಾಡೆಗಳಲ್ಲಿ, ಸಂಸ್ಥಾನ ಕಾಲದ ಬಂಗಲೆಗಳಲ್ಲಿ, ಮರದ ಫಲಕದಿಂದ ಕುತ್ತಿಗೆ ಚಾಚಿ, ಗಾಜಿನ ಕಣ್ಣು ಬಿಟ್ಟುಕೊಂಡು ಅದು ಗೋಡೆಯ ಮೇಲಿರುತ್ತದೆ.

ಅದರ ಒಳಗೇನಿದೆ? ಹುಲ್ಲು ತುಂಬಿರುತ್ತಾರೆ ಎಂಬುದು ಸಾಮಾನ್ಯ ಉತ್ತರ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಚರ್ಮ ಸುಲಿದು, ಹದ ಮಾಡಿ, ಹೊಲಿದು, ಒಳಗೆ ಹುಲ್ಲು, ಮರದ ಹೊಟ್ಟು ತುರುಕುತ್ತಿದ್ದರು. ದಿಂಬಿಗೆ ಹತ್ತಿ ತುಂಬಿದ ಹಾಗೆ. ಹಾಗೆ ತುಂಬಿದ ಪ್ರಾಣಿ ಕೆಲವೇ ವರ್ಷಗಳಲ್ಲಿ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಸಿದು, ಜಿಂಕೆಯೋ ಕುರಿಯೋ ತಿಳಿಯದಂತಾಗುತ್ತಿತ್ತು. ಚರ್ಮಪ್ರಸಾಧನ, ಅಂದರೆ ಟ್ಯಾಕ್ಸಿಡರ್ಮಿ, ಒಂದು ಕಲೆ ಎನಿಸಿಕೊಂಡದ್ದು ತುಂಬುವುದನ್ನು ಬಿಟ್ಟು ಕಡೆಯುವುದನ್ನು ಕಲಿತ ಮೇಲೆ. ಚರ್ಮ ಬರೀ ಅಂಗಿ; ಮೈಯನ್ನು ಕಲಾವಿದನೇ ಮಾಡಬೇಕು.

ಈ ಬದಲಾವಣೆಯ ಜೊತೆ ಹೆಚ್ಚಾಗಿ ಕೇಳಿಬರುವ ಹೆಸರು ಅಮೆರಿಕದ ಕಾರ್ಲ್ ಏಕ್ಲಿಯದು. ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ನಾಲ್ಕು ಋತುಗಳಲ್ಲಿ ಜಿಂಕೆಗಳು ಹೇಗಿರುತ್ತವೆ ಎಂದು ತೋರಿಸುವ ಅವನ ನಾಲ್ಕು ದೃಶ್ಯಗಳು ಇಂದಿಗೂ ಇವೆ. ಆದರೆ ಕನ್ನಡ ನಾಡಿನವರು ಅಷ್ಟು ದೂರ ಹೋಗಬೇಕಾಗಿಲ್ಲ. ಈ ವಿದ್ಯೆಯ ಜಗತ್ಪ್ರಸಿದ್ಧ ಕಾರ್ಖಾನೆಗಳಲ್ಲಿ ಒಂದು ಮೈಸೂರಿನಲ್ಲಿಯೇ ಇತ್ತು.

ಯೂಜಿನ್ ವ್ಯಾನ್ ಇಂಗೆನ್ 1900ರ ಸುಮಾರಿಗೆ ಮೈಸೂರಿನಲ್ಲಿ ಆರಂಭಿಸಿದ 'ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್' ಸಂಸ್ಥೆಯನ್ನು ಮುಂದೆ ಅವರ ಮಕ್ಕಳು ನಡೆಸಿದರು. ಡಿ ವೆಟ್, ಬೋಥಾ, ಜೂಬರ್ಟ್ ಎಂಬುವು ದಕ್ಷಿಣ ಆಫ್ರಿಕಾದ ಬೋಯರ್ ಸೇನಾನಿಗಳ ಹೆಸರುಗಳು. ಮೈಸೂರಿನಲ್ಲಿ ಅವು ಬೇಟೆಗಾರರ ಮನೆಮಾತಾದವು. ರಾಜಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ಪ್ಲಾಂಟರುಗಳು ಇಲ್ಲಿಗೆ ಚರ್ಮ ಕಳಿಸುತ್ತಿದ್ದರು. ಸಂಸ್ಥೆಯ ಇತಿಹಾಸವನ್ನು ಅಧ್ಯಯನ ಮಾಡಿದ ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಪ್ಯಾಟ್ ಮಾರಿಸ್ ಅವರ ಅಂದಾಜಿನಂತೆ ಹುಲಿ, ಚಿರತೆಗಳೇ 43,000ಕ್ಕೂ ಹೆಚ್ಚು ಅಲ್ಲಿಂದ ಸಿದ್ಧವಾಗಿ ಹೊರಬಂದವು. ಕಲೆಯನ್ನು ಮೆಚ್ಚುವ ಮುನ್ನ ಈ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕಾಗುತ್ತದೆ. ಹೆಸರು ತಂದದ್ದು ಘರ್ಜಿಸುವ ಹುಲಿಗಳು; ಅವುಗಳ ಜೊತೆಗೆ ಜಿಂಕೆ, ಕಡವೆ, ಕಾಟಿಗಳ ತಲೆಗಳೂ ತಯಾರಾಗುತ್ತಿದ್ದವು.

ಇಂಥ ಆಕೃತಿಯನ್ನು ಮಾಡುವ ಕ್ರಮವನ್ನು ಜಿಂಕೆಯ ತಲೆಯ ಮೂಲಕವೇ ನೋಡಬಹುದು. ಕೆಲಸ ಶುರುವಾಗುವುದು ಚಾಕುವಿನಿಂದಲ್ಲ, ಅಳತೆಯ ಟೇಪಿನಿಂದ. ಕಣ್ಣಿನ ಮೂಲೆಯಿಂದ ಮೂಗಿನ ತುದಿಗೆ ಎಷ್ಟು, ತಲೆಯ ಹಿಂದೆ ಕುತ್ತಿಗೆಯ ಸುತ್ತಳತೆ ಎಷ್ಟು, ಭುಜದ ಬಳಿ ಎಷ್ಟು ಎಂದು ಬರೆದುಕೊಳ್ಳಬೇಕು. ಚರ್ಮ ಒಮ್ಮೆ ಮೈ ಬಿಟ್ಟಿತೆಂದರೆ ಎಳೆದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮಾತನ್ನು ನಂಬುವಂತಿಲ್ಲ. ಬೆದೆಗಾಲದಲ್ಲಿ ಅನೇಕ ಜಾತಿಯ ಗಂಡು ಜಿಂಕೆಗಳ ಕುತ್ತಿಗೆ ದಪ್ಪವಾಗುವುದರಿಂದ ಒಂದೇ ಪ್ರಾಣಿಯ ಅಳತೆಯೂ ವರ್ಷವಿಡೀ ಒಂದೇ ಆಗಿರುವುದಿಲ್ಲ.

ಆಮೇಲೆ ಜೇಡಿಮಣ್ಣಿನಲ್ಲಿ ತಲೆ, ಕುತ್ತಿಗೆಗಳನ್ನು ರೂಪಿಸುತ್ತಾರೆ. ಇದು ಚರ್ಮವಿಲ್ಲದ ಜಿಂಕೆ. ದವಡೆಯ ಸ್ನಾಯು, ಗಂಟಲ ಕೊಳವೆಯ ಉಬ್ಬು, ತಲೆ ಹೊರಳಿಸಿದಾಗ ಒಂದು ಕಡೆ ಬಿಗಿಯುವ ಕುತ್ತಿಗೆ, ಎಲ್ಲವೂ ಅದರಲ್ಲಿ ಬರಬೇಕು. ಮಣ್ಣಿನ ಆಕೃತಿಯ ಮೇಲೆ ಪ್ಲಾಸ್ಟರ್ ಹೊಯ್ದು ಎರಡು ಹೋಳುಗಳ ಅಚ್ಚು ತೆಗೆಯುತ್ತಾರೆ. ಅಚ್ಚಿನ ಒಳಮೈಗೆ ಅಂಟಿನಲ್ಲಿ ನೆನೆಸಿದ ಕಾಗದವನ್ನು ಪದರ ಪದರವಾಗಿ ಒತ್ತಿ, ಒಣಗಿಸಿ, ಹೋಳುಗಳನ್ನು ಜೋಡಿಸಿದರೆ ಒಳಗೆ ಟೊಳ್ಳಾದ, ಹಗುರವಾದ, ಗಟ್ಟಿ ಬೊಂಬೆ ಸಿದ್ಧ. ಮೈಸೂರಿನವರು ಬೇರೆ ಬೇರೆ ಗಾತ್ರದ ಅಚ್ಚುಗಳನ್ನೇ ಇಟ್ಟುಕೊಂಡಿದ್ದರು. ಪ್ರತಿ ಚರ್ಮಕ್ಕೂ ಹೊಸದಾಗಿ ಮಣ್ಣು ಕಲಸಬೇಕಾಗಿರಲಿಲ್ಲ. ಅಷ್ಟು ದೊಡ್ಡ ಉತ್ಪಾದನೆ ಸಾಧ್ಯವಾದದ್ದು ಇದರಿಂದಲೇ. ಈಗ ಕಾಗದದ ಬದಲು ಪಾಲಿಯುರಿಥೇನ್ ಫೋಮ್ ಬಂದಿದೆ. ವಿದೇಶಗಳಲ್ಲಿ ಅಳತೆ ಹೇಳಿದರೆ ಸಿದ್ಧ ಬೊಂಬೆ ಅಂಗಡಿಯಲ್ಲಿಯೇ ಸಿಗುತ್ತದೆ.

ಸಿದ್ಧ ಬೊಂಬೆಗೂ ತಯಾರಿ ತಪ್ಪಿದ್ದಲ್ಲ. ಮೇಲ್ಮೈಯನ್ನು ಉಜ್ಜಿ ತರಿತರಿ ಮಾಡದಿದ್ದರೆ ಅಂಟು ಹಿಡಿಯುವುದಿಲ್ಲ. ತುಟಿಯ ಅಂಚನ್ನು ಒಳಗೆ ಮಡಚಿ ಸೇರಿಸಲು ಸಂದು ಕೊರೆಯಬೇಕು. ಮೂಗಿನ ಹೊಳ್ಳೆಗಳನ್ನು ಆಳವಾಗಿಸಬೇಕು. ಕಣ್ಣಿನ ಮುಂದಿರುವ ಗ್ರಂಥಿಯ ಕುಳಿ ತೆಗೆಯಬೇಕು. ಕಿವಿಯ ಮೃದ್ವಸ್ಥಿಯ ಜಾಗಕ್ಕೂ ಒಳಪದರ ಬೇಕು, ಇಲ್ಲದಿದ್ದರೆ ಒಣಗಿದ ಕಿವಿ ತರಗೆಲೆಯಂತೆ ಸುರುಟಿಕೊಳ್ಳುತ್ತದೆ. ಕೊಂಬುಗಳನ್ನು ತಲೆಬುರುಡೆಯ ಒಂದು ತುಂಡಿನ ಸಮೇತ ಕೊಯ್ದು ಬೊಂಬೆಯ ನೆತ್ತಿಗೆ ತಿರುಪಿನಿಂದ ಬಿಗಿಯುತ್ತಾರೆ. ಚುಕ್ಕೆ ಜಿಂಕೆಯ ಕವಲುಗೊಂಬು ಪೂರ್ತಿ ಎಲುಬು, ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುವಂಥದು. ಚಿಗರಿಯದು ಹಾಗಲ್ಲ. ಶಾಸ್ತ್ರದ ಪ್ರಕಾರ ಅದು ಜಿಂಕೆಯೇ ಅಲ್ಲ, ಹುಲ್ಲೆ. ಎಲುಬಿನ ತಿರುಳಿನ ಮೇಲೆ ಉಗುರಿನಂಥ ಪದಾರ್ಥದ ಒರೆ, ಬದುಕಿರುವ ತನಕ ಉದುರದು. ಕೊನೆಗೆ ಕಣ್ಣು. ಜಿಂಕೆಯ ಪಾಪೆ ಹುಲಿಯದರಂತೆ ಗುಂಡಗಿರದೆ ಅಡ್ಡಲಾಗಿ ಉದ್ದವಾಗಿರುತ್ತದೆ. ಗಾಜಿನ ಕಣ್ಣನ್ನು ಕೂಡಿಸುವಾಗ ಅದು ಕೊಂಚ ಓರೆಯಾದರೂ ಸಾಕು, ಎಚ್ಚರದ ಪ್ರಾಣಿ ಪೆದ್ದಾಗಿ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ ಚರ್ಮ. ಅದರ ಹದಕ್ಕೆ ಉಪ್ಪು, ಪಟಿಕ ಬೇಕಾದರೆ, ಹುಳು ಬೀಳದಂತೆ ಹಿಂದಿನವರು ಬಳಸುತ್ತಿದ್ದುದು ಪಾಷಾಣ, ಅಂದರೆ ಆರ್ಸೆನಿಕ್. ಅಜ್ಜನ ಕಾಲದ ತಲೆಗಳನ್ನು ಬರಿಗೈಯಲ್ಲಿ ಒರೆಸುವವರು, ಧೂಳು ಕೊಡವುವವರು ಇದನ್ನು ನೆನಪಿಡಬೇಕು. ವಿಷ ಚರ್ಮದಲ್ಲಿ ಇನ್ನೂ ಉಳಿದಿರಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಮಾಡಿತು. ಮೈಸೂರಿನ ಕಾರ್ಖಾನೆ 1999ರಲ್ಲಿ ಮುಚ್ಚಿತು. ಸಹೋದರರಲ್ಲಿ ಕೊನೆಯವರಾಗಿ ಉಳಿದಿದ್ದ ಜೂಬರ್ಟ್ 2013ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಅಲ್ಲಿನ ಕೆಲಸಗಾರರ ಕೈಗಳಿಗೆ ಗೊತ್ತಿದ್ದ ವಿದ್ಯೆ ಹೊಸ ಕೈಗಳಿಗೆ ದಾಟಲು ದಾರಿಯೇ ಉಳಿಯಲಿಲ್ಲ. ಬೇಟೆ ನಿಂತದ್ದಕ್ಕೆ ಮರುಗುವವರು ಬೇಡ. ಆದರೆ ಮೃಗಾಲಯದಲ್ಲಿ ಮುಪ್ಪಾಗಿ ಸತ್ತ ಪ್ರಾಣಿಯನ್ನು ಮಕ್ಕಳ ಪಾಠಕ್ಕಾಗಿ ಉಳಿಸಿಕೊಳ್ಳಲೂ ಇದೇ ವಿದ್ಯೆ ಬೇಕು. ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಲ್ಲಿ ಆರಂಭವಾದ ಕೇಂದ್ರದಲ್ಲಿ ಪಶುವೈದ್ಯ ಪ್ರಾಧ್ಯಾಪಕ ಡಾ. ಸಂತೋಷ್ ಗಾಯಕ್‌ವಾಡ್ ಮಾಡಿ ತೋರಿಸಿದ್ದು ಇದನ್ನೇ.

ಮನೆಯ ಗೋಡೆಯ ಮೇಲಿರುವ ಚಿಗರಿಯ ಮಾತು ಬೇರೆ. ಕೃಷ್ಣಮೃಗ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದರ ತಲೆಯಾಗಲಿ ಕೊಂಬಾಗಲಿ ಅರಣ್ಯ ಇಲಾಖೆಯ ಒಡೆತನ ಪ್ರಮಾಣಪತ್ರವಿಲ್ಲದೆ ಇರುವಂತಿಲ್ಲ, ಮಾರುವಂತೂ ಇಲ್ಲ. ತಾತ ಹೊಡೆದದ್ದು ಎಂಬ ಮಾತು ಕಾಗದವಾಗುವುದಿಲ್ಲ. 2023ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಹುಲಿ ಉಗುರಿನ ಗಲಾಟೆ ಎದ್ದಾಗ ಎಷ್ಟೋ ಜನರಿಗೆ ಇದು ಮೊದಲ ಸಲ ತಿಳಿಯಿತು. ಕರಜಗಿಯ ಹೊಲದ ಬದುವಿನಲ್ಲಿ ನಾಯಿ ಕಚ್ಚಿಯೋ ವಾಹನ ಬಡಿದೋ ಸತ್ತು ಬಿದ್ದ ಚಿಗರಿಯೂ ಹೊಲದವನ ಸ್ವತ್ತಲ್ಲ, ಸರ್ಕಾರದ್ದು. ಇಲಾಖೆಯವರು ಬಂದು ಪಂಚನಾಮೆ ಮಾಡಿ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಸಾಮಾನ್ಯವಾಗಿ ಸುಟ್ಟುಬಿಡುತ್ತಾರೆ.