ನಿಂತ ಚಿತ್ರಕ್ಕೆ ಅರ್ಧ ಜಾಗವೂ ಇಲ್ಲ!

ವೀರನಹೊಸಹಳ್ಳಿ (ಹುಣಸೂರು ತಾ.): ನಾಗರಹೊಳೆ ಕಾಡಿನ ಬಾಗಿಲಲ್ಲಿರುವ ಈ ಊರಿಗೆ ವರ್ಷಕ್ಕೊಮ್ಮೆ ಜಾತ್ರೆಯ ಕಳೆ. ದಸರೆಗೆ ಹೊರಡುವ ಆನೆಗಳಿಗೆ ಇಲ್ಲೇ ಪೂಜೆ, ಇಲ್ಲೇ ಹೂವು, ಇಲ್ಲಿಂದಲೇ ಗಜಪಯಣ. 2024ರ ಆಗಸ್ಟ್ 21ರಂದು ಮೊದಲ ತಂಡದಲ್ಲಿ 9 ಆನೆ ಹೊರಟವು. 2025ರಲ್ಲಿ ಆಗಸ್ಟ್ 4ರಂದು, ಮತ್ತೆ 9. ಎರಡು ಸಲವೂ ಮುಂದಾಳು ಅಭಿಮನ್ಯು. ಅವತ್ತಿನ ಭಾಷಣಗಳು ಯಾರಿಗೆ ನೆನಪಿವೆಯೋ ಇಲ್ಲವೋ, ಆನೆಗಳ ಫೋಟೋ ಮಾತ್ರ ತಾಲ್ಲೂಕಿನ ಅರ್ಧ ಜನರ ಫೋನಿನಲ್ಲಿ ಭದ್ರ.

ಆ ಫೋಟೋಗಳಲ್ಲಿ ಒಂದನ್ನು ಸ್ಪರ್ಧೆಗೆ ಕಳಿಸೋಣ ಅಂತ ಹೊರಟವನ ಪಾಡೇನು?

ಹುಣಸೂರಿನ ಹುಡುಗನೊಬ್ಬ ಅಂತ ಇಟ್ಟುಕೊಳ್ಳಿ. ಕೈಯಲ್ಲಿ 24 ಮೆಗಾಪಿಕ್ಸೆಲ್ ಕ್ಯಾಮೆರಾ, ಅದೂ ಬಾಡಿಗೆಗೆ ತಂದದ್ದು. ಎದುರಿಗೇ ನಡೆದು ಬರುತ್ತಿದ್ದ ಆನೆಯನ್ನು ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದ. ಆನೆಯ ಕಾಲುಗುರಿನಿಂದ ಮಾವುತನ ತಲೆವರೆಗೆ ಎಲ್ಲಾ ಬಂತು. ಪಕ್ಕದಲ್ಲೇ ನಿಂತಿದ್ದ ಗೆಳೆಯ ಕ್ಯಾಮೆರಾ ಅಡ್ಡಕ್ಕೆ ಹಿಡಿದು ಆನೆಗಳ ಸಾಲನ್ನು ತೆಗೆದ. ಇಬ್ಬರೂ ಒಂದೇ ಸ್ಪರ್ಧೆಗೆ, ಅಷ್ಟಷ್ಟೇ ಶುಲ್ಕ ಕಟ್ಟಿ, ಆನ್‌ಲೈನಿನಲ್ಲಿ ಕಳಿಸಿದರು. ಆಮೇಲೆ ಪರದೆ ಮೇಲೆ ನೋಡಿದರೆ ಗೆಳೆಯನ ಸಾಲಾನೆ ದೊಡ್ಡದಾಗಿ ಹರಡಿಕೊಂಡಿದೆ. ಇವನ ಆನೆ ನಡುವೆ ಒಂದು ಪಟ್ಟಿ, ಎರಡೂ ಕಡೆ ಬರೀ ಕಪ್ಪು!

"ಯಾಕಣ್ಣಾ ಹಿಂಗೆ?" ಅಂತ ಸ್ಟುಡಿಯೋದವರನ್ನು ಕೇಳಿದರೆ, "ಅದು ರೂಲ್ಸು ಕಣಪ್ಪಾ" ಅಂತಾರೆ. ರೂಲ್ಸು ಹೌದು. ಆದರೆ ಅದರ ಲೆಕ್ಕ ಯಾರೂ ಹೇಳಿಕೊಡುವುದಿಲ್ಲ.

ಚುಕ್ಕಿ ರಂಗೋಲಿ ಲೆಕ್ಕ

ಡಿಜಿಟಲ್ ಫೋಟೋ ಅಂದರೆ ಚುಕ್ಕಿ ರಂಗೋಲಿ ಇದ್ದ ಹಾಗೆ. ಅಡ್ಡಕ್ಕೆ ಇಷ್ಟು ಚುಕ್ಕಿ, ಉದ್ದಕ್ಕೆ ಇಷ್ಟು ಚುಕ್ಕಿ. ಆ ಚುಕ್ಕಿಗೇ ಪಿಕ್ಸೆಲ್ ಅಂತ ಹೆಸರು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ 6000, ಉದ್ದಕ್ಕೆ 4000. ಗುಣಿಸಿದರೆ 2 ಕೋಟಿ 40 ಲಕ್ಷ. ಈಗ ಭಾರತೀಯ ಛಾಯಾಚಿತ್ರ ಒಕ್ಕೂಟದ ಮಾನ್ಯತೆ ಇರುವ, ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್‌ನ ಮಾನ್ಯತೆ ಇರುವ ಬಹಳಷ್ಟು ಡಿಜಿಟಲ್ ಸಲಾನುಗಳ ನಿಯಮ ಏನು ಗೊತ್ತೆ? ಚಿತ್ರದ ಅಗಲ 1920 ಚುಕ್ಕಿ ಮೀರಬಾರದು, ಎತ್ತರ 1080 ಮೀರಬಾರದು. ಇದಕ್ಕೆ ಮುಂಚೆ 1024 ಮತ್ತು 768 ಅಂತಿತ್ತು, ಇನ್ನೂ ಬಿಗಿ.

ಗೆಳೆಯನ ಅಡ್ಡ ಚಿತ್ರವನ್ನು ಈ ಚೌಕಟ್ಟಿಗೆ ಕೂರಿಸಿ. ಎತ್ತರ 1080 ಆದಾಗ ಅಗಲ 1620 ಬರುತ್ತೆ. ಒಟ್ಟು ಹದಿನೇಳೂವರೆ ಲಕ್ಷ ಚುಕ್ಕಿ. ನಮ್ಮ ಹುಡುಗನ ನಿಂತ ಚಿತ್ರ ಕೂರಿಸಿ. ಎತ್ತರಕ್ಕೆ ಅದೇ 1080, ಅಗಲ ಬರೀ 720. ಒಟ್ಟು ಏಳೂಮುಕ್ಕಾಲು ಲಕ್ಷ. ಗೆಳೆಯನಿಗೆ ರೂಪಾಯಿ ಸಿಕ್ಕರೆ ಇವನಿಗೆ 44 ಪೈಸೆ. ಕ್ಯಾಮೆರಾ ಅದೇ, ಕಾಡು ಅದೇ, ಕಟ್ಟಿದ ಶುಲ್ಕವೂ ಅದೇ.

ಚುಕ್ಕಿ ಕಡಿಮೆ ಆದರೆ ಏನಾಯ್ತು ಅನ್ನಬೇಡಿ. 15 ಚುಕ್ಕಿಯ ನವಿಲನ್ನು 7 ಚುಕ್ಕಿಯಲ್ಲಿ ಹಾಕಿ ಅಂದರೆ ಮನೆಯಲ್ಲಿ ಹೆಂಗಸರು ನಗುತ್ತಾರೆ. ನವಿಲು ಅಂತ ಗೊತ್ತಾಗುತ್ತೆ, ಗರಿಯ ಕಣ್ಣು ಹೋಗಿರುತ್ತೆ. ಇಲ್ಲೂ ಅಷ್ಟೆ. ಆನೆ ಆನೆಯೇ, ಆದರೆ ಸೊಂಡಿಲ ಸುಕ್ಕು, ಹುಬ್ಬಿನ ಕೂದಲು, ಹಣೆಯ ಬಣ್ಣದ ಗೆರೆ ಮೊದಲು ಮಾಯವಾಗುವವು. ನೂರಾರು ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡುವ ತೀರ್ಪುಗಾರರ ಕಣ್ಣು ಹಿಡಿಯಬೇಕಾದದ್ದೂ ಅದೇ ತಾನೆ?

ಸ್ಲೈಡ್ ಕಾಲದಲ್ಲಿ ಹೀಗಿರಲಿಲ್ಲ

ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿದಾಗ ನಮ್ಮ ಕ್ಯಾಮೆರಾದವರಿಗೆ ಈ ಪಿಕ್ಸೆಲ್ ಕಾಟ ಇರಲಿಲ್ಲ. ಪ್ರಿಂಟ್ ಹಾಕಿಸಿ, ರಟ್ಟಿನ ನಡುವೆ ಇಟ್ಟು, ಅಂಚೆಯಲ್ಲಿ ಕಳಿಸುವುದು. ಅದಕ್ಕೂ ಅಳತೆ ಇತ್ತು ನಿಜ. ಆದರೆ ಪ್ರಿಂಟನ್ನು ನಿಲ್ಲಿಸಿದರೂ ಕಾಗದ ಅಷ್ಟೆ, ಮಲಗಿಸಿದರೂ ಅಷ್ಟೆ. ಸಂಡೂರಿನ ಎಂ.ವೈ. ಘೋರ್ಪಡೆಯವರಂಥವರು ಕಪ್ಪು ಬಿಳುಪಿನಲ್ಲಿ ಕಾಡು ತೋರಿಸಿದ ಕಾಲ ಅದು.

ಸ್ಲೈಡ್ ಇನ್ನೂ ಚೆನ್ನ. 35 ಮಿಲಿಮೀಟರ್ ಫಿಲಂನ ಚಿತ್ರ 36ಕ್ಕೆ 24 ಮಿಲಿಮೀಟರ್, ಅದನ್ನು ಕೂರಿಸುವ ರಟ್ಟು 2 ಅಂಗುಲದ ಸರಿ ಚೌಕ. ಅಡ್ಡ ಚಿತ್ರ ಬೇಕೆ, ಹೀಗಿಡಿ. ನಿಂತ ಚಿತ್ರ ಬೇಕೆ, ಹಾಗೆ ತಿರುಗಿಸಿ. ಚೌಕದ ಪರದೆ ಕಟ್ಟಿದ್ದರೆ ಎರಡಕ್ಕೂ ಒಂದೇ ಗಾತ್ರ, ಪಕ್ಷಪಾತದ ಮಾತೇ ಇಲ್ಲ.

ಪಕ್ಷಪಾತ ಬಂದದ್ದು ಟಿವಿಯಂತೆ ಅಡ್ಡ ಮಲಗಿದ ಪರದೆಯಿಂದ. 1920ಕ್ಕೆ 1080 ಅನ್ನುವುದು ಫುಲ್ ಎಚ್‌ಡಿ ಪರದೆಯ ಚುಕ್ಕಿ ಲೆಕ್ಕ. ಮೊದಲಿನ 1024, 768 ಅನ್ನುವುದು ಹಳೇ ಪ್ರೊಜೆಕ್ಟರಿನದು. ಸ್ಪರ್ಧೆ ನಡೆಸುವವರು ಕೆಟ್ಟವರೇನಲ್ಲ. ಅವರ ಮಾತಲ್ಲೂ ನ್ಯಾಯವಿದೆ: ಪರದೆ ಎತ್ತರವೇ 1080 ಇರುವಾಗ 1920 ಎತ್ತರದ ಚಿತ್ರ ತಗೊಂಡು ಏನು ಮಾಡೋದು? ಹೇಗಿದ್ದರೂ ಕುಗ್ಗಿಸಲೇಬೇಕು. ಜೊತೆಗೆ ಕಳ್ಳರ ಕಾಟ. 1620 ಚುಕ್ಕಿಯ ಚಿತ್ರವನ್ನು ಕದ್ದು ಅಚ್ಚು ಹಾಕಿಸಿದರೆ, ಅಂಗುಲಕ್ಕೆ 300 ಚುಕ್ಕಿಯಂತೆ ಐದೂವರೆ ಅಂಗುಲ ಅಗಲವೂ ಬರದು. ಗೋಡೆ ಕ್ಯಾಲೆಂಡರಿಗಂತೂ ಸಾಲದು. ಈ ಒಂದು ವಿಷಯದಲ್ಲಿ ಮಿತಿ ನಮ್ಮ ಹುಡುಗನ ಪರವೇ.

ತೀರ್ಪುಗಾರರ ಲ್ಯಾಪ್‌ಟಾಪು

ಅಳತೆಗೆ ಸರಿಯಾಗಿ ಕಳಿಸಿದರೂ ಗಂಡಾಂತರ ತಪ್ಪಿಲ್ಲ. ತೀರ್ಪುಗಾರರು ಮನೆಯಲ್ಲೇ ಕೂತು ನೋಡುವ ಸ್ಪರ್ಧೆಗಳೂ ಇವೆ. ಲ್ಯಾಪ್‌ಟಾಪಿನಲ್ಲಿ ಅಕ್ಷರ ದೊಡ್ಡದು ಕಾಣಲಿ ಅಂತ ಪರದೆ ಸ್ಕೇಲಿಂಗನ್ನು ಶೇ. 125 ಇಟ್ಟುಕೊಂಡಿರುತ್ತಾರೆ, ಕೆಲವರು ಶೇ. 150. ಕನ್ನಡಕದ ವಯಸ್ಸಿಗೆ ಅದು ಒಳ್ಳೆಯದೇ. ಆದರೆ ಶೇ. 125ರಲ್ಲಿ 1080 ಚುಕ್ಕಿ ಎತ್ತರದ ಚಿತ್ರ ಪೂರ್ತಿ ಗಾತ್ರಕ್ಕೆ ಕಾಣಲು ಪರದೆಯಲ್ಲಿ 1350 ಚುಕ್ಕಿ ಬೇಕು. ಇರುವುದೇ 1080, ಅದರಲ್ಲೂ ಮೇಲಿನ ವಿಳಾಸದ ಪಟ್ಟಿ, ಕೆಳಗಿನ ಗುಂಡಿಗಳ ಸಾಲು ತಮ್ಮ ಪಾಲು ತಿಂದಿರುತ್ತವೆ. ಆಗ ಎರಡರಲ್ಲೊಂದು. ಆನೆಯ ತಲೆಯೋ ಕಾಲೋ ಪರದೆಯಿಂದ ಆಚೆ ಹೋಗಬೇಕು, ಇಲ್ಲವೇ ಕಂಪ್ಯೂಟರೇ ಚಿತ್ರವನ್ನು ಕುಗ್ಗಿಸಿ ಕೂರಿಸಬೇಕು. ಕುಗ್ಗಿಸಿದಾಗ ಚುಕ್ಕಿಗಳನ್ನು ಕಲಸಿ ಹೊಸ ಚುಕ್ಕಿ ಮಾಡುತ್ತೆ; ಹುಡುಗ ರಾತ್ರಿ ಕೂತು ಚೂಪು ಮಾಡಿದ ಗೆರೆ ಮಂಕಾಗುತ್ತೆ. ಇದಕ್ಕೆ ಅವನ ಕೈಯಲ್ಲಿ ಮದ್ದಿಲ್ಲ. ಚಿತ್ರವನ್ನು ಅದರ ನಿಜ ಗಾತ್ರದಲ್ಲೇ ನೋಡಿ ಅಂತ ತೀರ್ಪುಗಾರರಿಗೆ ಹೇಳಬೇಕಾದದ್ದು ಸ್ಪರ್ಧೆ ನಡೆಸುವವರ ಕೆಲಸ.

ಅವನ ಕೈಯಲ್ಲೇ ಆಗುವ ಅನಾಹುತ ಬೇರೆ ಇದೆ. ಫೋಟೋವನ್ನು ಗೆಳೆಯನಿಗೆ ವಾಟ್ಸಾಪ್ ಮಾಡಿ, "ನೀನೇ ಅಪ್‌ಲೋಡ್ ಮಾಡ್ಬಿಡೋ" ಅನ್ನುವುದು. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಅದು ತಾನೇ ಚಿತ್ರವನ್ನು ಹಿಂಡಿ ಕಳಿಸುತ್ತೆ. 2023ರಲ್ಲಿ ಎಚ್‌ಡಿ ಆಯ್ಕೆ ಬಂತು, ಅದೂ ಮೂಲ ಚಿತ್ರವಲ್ಲ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಅಂತ ಒತ್ತಿ ಕಳಿಸಬೇಕು, ಇದ್ದದ್ದು ಇದ್ದ ಹಾಗೆ ಹೋಗುತ್ತೆ. ಹಿಂಡಿದ ಚಿತ್ರವನ್ನು ಮತ್ತೆ ಎಳೆದು 1080 ಮಾಡಿದರೆ ನೀರು ಬೆರೆಸಿದ ಹಾಲು. ಅಳತೆ ಇದೆ, ಸತ್ವ ಇಲ್ಲ. ಇನ್ನು ಕ್ಯಾಮೆರಾದ 10 ಎಂಬಿ ಫೈಲನ್ನು ಹಾಗೇ ತುರುಕಲು ಹೋದರೆ, 2 ಎಂಬಿ ಮಿತಿ ಇರುವ ಕಡೆ ಬಾಗಿಲಲ್ಲೇ ವಾಪಸ್. ಕೆಲವು ಕಡೆ ವಾಪಸ್ ಕಳಿಸದೆ ತಾವೇ ಕುಗ್ಗಿಸಿಕೊಳ್ಳುತ್ತಾರೆ, ಅದು ಇನ್ನೂ ಮೋಸ. ಹೇಗೆ ಬಂತು ಅಂತ ನಿಮಗೆ ಕಾಣುವುದೇ ಇಲ್ಲ. ಮನೆಯಲ್ಲೇ ಅಳತೆಗೆ ಇಳಿಸಿ, ಇಳಿಸಿದ ಮೇಲೆ ಚೂಪು ಮಾಡಿ, ಬಣ್ಣದ ಲೆಕ್ಕವನ್ನು ಎಸ್‌ಆರ್‌ಜಿಬಿಯಲ್ಲಿಟ್ಟು ಕಳಿಸುವುದೇ ಕ್ಷೇಮ.

(ಹಾಗೇ ಇನ್ನೊಂದು. ಮಾವುತ, ಹಗ್ಗ, ಹಣೆಗೆ ಬಣ್ಣ ಇರುವ ಆನೆಯನ್ನು ನಿಸರ್ಗ ವಿಭಾಗಕ್ಕೆ ಕಳಿಸಬೇಡಿ. ಮನುಷ್ಯನ ಗುರುತು ಅಲ್ಲಿ ಸಲ್ಲದು, ದುಡ್ಡು ದಂಡ.)

ಎಲ್ಲಾ ಸ್ಪರ್ಧೆಗಳೂ ಹೀಗೇ ಅಂದುಕೊಳ್ಳಬೇಡಿ. 2010ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಶುರುವಾದ ವಿಕಿ ಲವ್ಸ್ ಮಾನ್ಯುಮೆಂಟ್ಸ್‌ನದು ಪೂರಾ ಉಲ್ಟಾ. ಅಲ್ಲಿ ಚಿಕ್ಕದು ಕಳಿಸಿದರೇ ತಪ್ಪು. ಇದ್ದಷ್ಟೂ ದೊಡ್ಡದು ಕೊಡಿ ಅಂತಾರೆ. ಶುಲ್ಕವೂ ಇಲ್ಲ. ಆದರೆ ಕೊಟ್ಟ ಚಿತ್ರವನ್ನು ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು, ಹಣಕ್ಕೂ ಬಳಸಬಹುದು. ಒಪ್ಪಿಗೆ ಇದ್ದರೆ ಮಾತ್ರ ಕಳಿಸಿ. ಇನ್ನು ಕೆಲವರು ಅಗಲ ಎತ್ತರ ಅನ್ನದೆ "ಉದ್ದನೆಯ ಬದಿ ಇಷ್ಟು ಚುಕ್ಕಿ" ಅಂತಷ್ಟೇ ಬರೆಯುತ್ತಾರೆ. ಅಲ್ಲಿ ನಿಂತ ಚಿತ್ರಕ್ಕೂ ಮಲಗಿದ ಚಿತ್ರಕ್ಕೂ ಸಮಪಾಲು.

ತಮಾಷೆ ನೋಡಿ. ಹುಣಸೂರು ಬಸ್ಸಿನಲ್ಲಿ ಕೂತವರ ಕೈಯಲ್ಲಿರುವ ಫೋನುಗಳೆಲ್ಲ ನಿಂತೇ ಇರುತ್ತವೆ. ಆ ಇಬ್ಬರು ಹುಡುಗರ ಚಿತ್ರಗಳನ್ನು ಅಲ್ಲಿ ತೆರೆದರೆ ಲೆಕ್ಕ ತಲೆಕೆಳಗು. ಗೆಳೆಯನ ಸಾಲಾನೆ ನಡುವೆ ಒಂದು ಪಟ್ಟಿ, ನಮ್ಮ ಹುಡುಗನ ಆನೆ ಅಂಗೈ ತುಂಬ! ಆದರೆ ಬಹುಮಾನ ಕೊಡುವವರು ಬಸ್ಸಿನಲ್ಲಿ ಕೂತಿರುವುದಿಲ್ಲವಲ್ಲ. ಅದಕ್ಕೇ ಈಗ ತಿಳಿದವರು ಕ್ಯಾಮೆರಾ ತಿರುಗಿಸುವುದನ್ನೇ ಬಿಡುತ್ತಿದ್ದಾರೆ. ನಿಂತ ಚಿತ್ರ ತೆಗೆದರೂ ಸ್ಪರ್ಧೆಗೆ ಮುಖದ ಭಾಗವನ್ನಷ್ಟೇ ಅಡ್ಡಕ್ಕೆ ಕತ್ತರಿಸುತ್ತಾರೆ. 4000 ಚುಕ್ಕಿ ಅಗಲದಿಂದ 1620 ಧಾರಾಳವಾಗಿ ಸಿಗುತ್ತೆ, ಪರದೆಯೂ ತುಂಬುತ್ತೆ. ಆನೆಯ ಕಾಲು ಹೋಯಿತು, ಮಾವುತ ಹೋದ, ವೀರನಹೊಸಹಳ್ಳಿಯ ಮಣ್ಣೂ ಹೋಯಿತು. ಪೂರ್ತಿ ಆನೆಯೇ ಬೇಕು ಅನ್ನುವವನು ಶುಲ್ಕ ಕಟ್ಟುವ ಮುಂಚೆ ನಿಯಮದ ಹಾಳೆಯಲ್ಲಿ "ಉದ್ದನೆಯ ಬದಿ" ಅನ್ನುವ ಎರಡು ಪದ ಇದೆಯೇ ಅಂತ ಹುಡುಕಲಿ.